“ಅತ್ತಿಗೆ, ಎಷ್ಟು ದೇಶ ಮುಗಿಸಿದ್ರಿ?”

ಭಾನುವಾರ ಹಾಸನದಲ್ಲಿ ಗೃಹಪ್ರವೇಶದ ಊಟಕ್ಕೆ ಹೋಗಿದ್ದೆ. ನಮ್ಮ ಯಜಮಾನರ ಚಿಕ್ಕಪ್ಪನ ಮಗ, ನನಗೆ ಮೈದುನ ಆಗಬೇಕು. ಒಳ್ಳೆಯವನು, ಕಷ್ಟಪಟ್ಟು ಮೇಲೆ ಬಂದವನು, ಮನೆ ಚೆನ್ನಾಗಿ ಕಟ್ಟಿಸಿದ್ದಾನೆ. ನಡುಮನೆಯ ಗೋಡೆಗೆ ಪ್ರಪಂಚದ ದೊಡ್ಡ ನಕ್ಷೆ ಹಾಕಿಸಿದ್ದಾನೆ. ದೇಶಗಳ ಮೇಲೆಲ್ಲ ಚಿನ್ನದ ಬಣ್ಣದ ಲೇಪ. ಹೋಗಿಬಂದ ದೇಶವನ್ನು ನಾಣ್ಯದಲ್ಲಿ ಕೆರೆದರೆ ಒಳಗಿನ ಬಣ್ಣ ಕಾಣುತ್ತದೆ, ಮೊದಲು ಮೊಬೈಲ್ ರೀಚಾರ್ಜ್ ಕಾರ್ಡು ಕೆರೆಯುತ್ತಿದ್ದೆವಲ್ಲ, ಹಾಗೆ. ಯುರೋಪಿನ ಅರ್ಧಕ್ಕರ್ಧ ಕೆರೆದಾಗಿತ್ತು.

ಕೈಗೆ ಕಾಫಿ ಲೋಟ ಕೊಟ್ಟು ಕೇಳಿದ: “ಅತ್ತಿಗೆ, ನೀವು ಎಷ್ಟು ದೇಶ ಮುಗಿಸಿದ್ರಿ?”

“ಮೂರು” ಅಂದೆ.

“ಮೂರೇನಾ? ನೀವು ಯಾವಾಗ್ಲೂ ಫಾರಿನ್ನಲ್ಲೇ ಇರ್ತೀರಿ ಅಂತಾರಲ್ಲ ಎಲ್ಲ!”

ಅದರಲ್ಲಿ ಒಂದು ದೇಶಕ್ಕೆ ಎರಡು ಸಲ ಹೋಗಿದ್ದೇನೆ ಅಂದೆ. ಅವನಿಗೆ ನನ್ನ ಮೇಲೆ ನಿಜವಾಗಿಯೂ ಮರುಕ ಹುಟ್ಟಿತು. “ಅಯ್ಯೋ, ಅದೇ ದುಡ್ಡಲ್ಲಿ ಇನ್ನೆರಡು ದೇಶ ಆಗ್ತಿತ್ತಲ್ಲ ಅತ್ತಿಗೆ” ಅಂತ ಹೇಳಿ, ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ಮುಂದೆ ಹಿಡಿದ. “ಬನ್ನಿ, ನಿಮ್ಮದೂ ಕೆರೆದುಬಿಡಿ, ಇಥಿಯೋಪಿಯಾ ನಮ್ಮದು ಖಾಲಿ ಇದೆ.”

ಕೆರೆಯಲಿಲ್ಲ. ಕಾಫಿಯನ್ನೂ ಪೂರ್ತಿ ಕುಡಿಯಲಾಗಲಿಲ್ಲ. ಬಸ್ಸಿನಲ್ಲಿ ಮೂಡಿಗೆರೆವರೆಗೂ ಆ ಒಂದು ಮಾತು ಕೊರೆಯುತ್ತಲೇ ಇತ್ತು. ಮುಗಿಸಿದ್ರಿ. ದೇಶವನ್ನು ಮುಗಿಸುವುದು ಅಂದರೆ ಏನು? ನಾವು ಊಟ ಮುಗಿಸುತ್ತೇವೆ, ಡಿಗ್ರಿ ಮುಗಿಸುತ್ತೇವೆ, ಸಾಲದ ಕಂತು ಮುಗಿಸುತ್ತೇವೆ. ದ್ವೇಷ ಇದ್ದವರನ್ನು “ಮುಗಿಸಿಬಿಟ್ಟರು” ಅನ್ನುತ್ತೇವೆ. ಕೋಟಿಗಟ್ಟಲೆ ಜನ ಬೆಳಗಾದರೆ ಎದ್ದು ಒಲೆ ಹಚ್ಚುವ ನೆಲವನ್ನು ಯಾರಾದರೂ ಮೂರು ದಿನದಲ್ಲಿ ಮುಗಿಸುವುದು ಹೇಗೆ?

ನನಗೆ ಇಷ್ಟು ಸಿಟ್ಟು ಯಾಕೆ ಬರುತ್ತದೆ ಅಂತ ಈ ಸಲ ಬರೆದೇಬಿಡುತ್ತೇನೆ. ಬ್ಯಾಂಕಿನ ಕೆಲಸದಿಂದ ಸ್ವಯಂನಿವೃತ್ತಿ ತೆಗೆದುಕೊಂಡು ಒಬ್ಬಳೇ ಓಡಾಡಲು ಶುರುಮಾಡಿದ್ದು ನಿಮಗೆಲ್ಲ ಗೊತ್ತು. ಯಾಕೆ ಅಂತ ಪೂರ್ತಿ ಹೇಳಿದ್ದು ಯಾರಿಗೂ ಇಲ್ಲ, ಮಗಳಿಗೂ ಇಲ್ಲ. ವೀಸಾ ಅರ್ಜಿಯಲ್ಲಿ “ಪ್ರಯಾಣದ ಉದ್ದೇಶ” ಅಂತ ಒಂದು ಕಾಲಂ ಇರುತ್ತದೆ. ಪ್ರತಿ ಸಲವೂ “ಪ್ರವಾಸ” ಅಂತ ಒಂದೇ ಪದ ತುಂಬಿದ್ದೇನೆ. ತುಂಬುವಾಗಲೆಲ್ಲ ಸುಳ್ಳು ಹೇಳಿದ ಹಾಗೆ ಅನ್ನಿಸಿದೆ.

ನನ್ನ ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿಯ ಚೆಕ್‌ರೋಲ್ ಬರೆಯುವುದು, ಸಂಜೆ ಹಣ್ಣು ತೂಗುವುದು, ಕಣದಲ್ಲಿ ಒಣಗುತ್ತಿರುವ, ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿಗೆ ಮಳೆ ಬೀಳದ ಹಾಗೆ ಕಾಯುವುದು. ನಲವತ್ತು ವರ್ಷ ಇಷ್ಟೇ ಮಾಡಿದರು. ಒಳ್ಳೆಯ ಕಾಫಿ ತೂಗಿ ಮೂಟೆ ಕಟ್ಟಿಸುವವರ ಮನೆಯಲ್ಲಿ ನಾವು ಕುಡಿಯುತ್ತಿದ್ದುದು ಗಿಡದ ಬುಡದಿಂದ ಆರಿಸಿದ ಹಕ್ಕಲು ಕಾಫಿ, ಬೆಲ್ಲ ಹಾಕಿ. ರಾತ್ರಿ ಅಪ್ಪ ರೇಡಿಯೋ ಹಚ್ಚಿಕೊಂಡು ಕೂರುತ್ತಿದ್ದರು. ಬ್ರೆಜಿಲ್ ಅನ್ನುವ ಪದವನ್ನು ನಾನು ಬೆಂಗಳೂರಿಗಿಂತ ಮೊದಲು ಕಲಿತೆ. “ಬ್ರೆಜಿಲ್‌ನಲ್ಲಿ ಹಿಮ ಬಿತ್ತಂತೆ” ಅಂದರೆ ಅಲ್ಲಿನ ಬೆಳೆ ಸುಟ್ಟು ನಮ್ಮ ಕಾಫಿಗೆ ಬೆಲೆ ಏರುತ್ತದೆ, ಸಾಹುಕಾರರ ಮನೆಯಲ್ಲಿ ಹಬ್ಬ. “ಬ್ರೆಜಿಲ್‌ನಲ್ಲಿ ಬೆಳೆ ಜಾಸ್ತಿಯಂತೆ” ಅಂದರೆ ನಮ್ಮ ಲೈನ್ ಮನೆಗಳಲ್ಲಿ, ಎಸ್ಟೇಟಿನ ಕೆಲಸದವರ ಸಾಲುಮನೆಗಳಲ್ಲಿ, ಎಲ್ಲರ ಮಾತು ಕಮ್ಮಿ.

1994ರ ಜೂನ್ ಮತ್ತು ಜುಲೈನಲ್ಲಿ ಎರಡು ಸಲ ಬ್ರೆಜಿಲ್‌ನ ಕಾಫಿ ತೋಟಗಳ ಮೇಲೆ ಹಿಮ ಬಿತ್ತು, ಅಂದರೆ ಇಬ್ಬನಿ ಗಿಡದ ಮೇಲೇ ಹೆಪ್ಪುಗಟ್ಟಿತು. ಬೆಳೆದದ್ದನ್ನು ಬೋರ್ಡಿಗೇ ಒಪ್ಪಿಸಬೇಕಿದ್ದ ಕಾಫಿ ಬೋರ್ಡಿನ ಪೂಲ್ ಪದ್ಧತಿ ಸಡಿಲಗೊಂಡು ಬೆಳೆಗಾರರು ತಮ್ಮ ಫಸಲಿನ ಒಂದು ಪಾಲನ್ನು ತಾವೇ ಮಾರಬಹುದಾಗಿದ್ದ ಹೊಸತು. ಬೆಲೆ ಏರಿದ್ದು ಹೇಗೆ ಅಂತ ನಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಚಿಕ್ಕಮಗಳೂರು, ಸಕಲೇಶಪುರ, ಕೊಡಗು, ಎಲ್ಲಿ ನೋಡಿದರೂ ಹೊಸ ಕಾರು, ಹೊಸ ಮನೆ. ಅಪ್ಪನಿಗೆ ಆ ವರ್ಷ ಸಾಹುಕಾರರು ಕೈತುಂಬ ಇನಾಮು ಕೊಟ್ಟರು. 1995ರ ವೈಶಾಖದಲ್ಲಿ ನನ್ನ ಮದುವೆಯಾಯಿತು. ಅಮ್ಮ ಎರಡು ಬಂಗಾರದ ಬಳೆ ಮಾಡಿಸಿದರು.

ಆಮೇಲೆ ಬಂದಿದ್ದು ವಿಯೆಟ್ನಾಂ. 1986ರ ಆರ್ಥಿಕ ಸುಧಾರಣೆ ಆದಮೇಲೆ ಆ ದೇಶ ರೊಬಸ್ಟಾ ಜಾತಿಯ ಕಾಫಿ ನೆಡುತ್ತಾ ನೆಡುತ್ತಾ ಹೋಗಿ, ಶತಮಾನ ಮುಗಿಯುವ ಹೊತ್ತಿಗೆ ಬ್ರೆಜಿಲ್ ಬಿಟ್ಟರೆ ತಾನೇ ಅನ್ನುವ ಮಟ್ಟಕ್ಕೆ ಬೆಳೆಯಿತು. 2001ರಲ್ಲಿ ಪ್ರಪಂಚದ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಮೂವತ್ತು ವರ್ಷದಲ್ಲೇ ಕಾಣದ ತಳ ಮುಟ್ಟಿತು. ಹಣ್ಣು ಕುಯ್ಯಿಸಿದ ಕೂಲಿಯೂ ಹುಟ್ಟದ ವರ್ಷಗಳು. ಮರುವರ್ಷ ಅಪ್ಪನ ಕೆಲಸ ಹೋಯಿತು. ಎಸ್ಟೇಟಿನ ಮನೆ ಖಾಲಿ ಮಾಡಿ ನನ್ನ ಮನೆಗೆ ಬಂದರು. 2003ರಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ರೇಡಿಯೋ ಬೇಡ ಅಂದಿದ್ದರು.

ಅಪ್ಪ ಚಿಕ್ಕಮಗಳೂರು ಜಿಲ್ಲೆ ಬಿಟ್ಟು ಹೊರಗೆ ಹೋಗಿದ್ದು ಬೆರಳೆಣಿಕೆಯಷ್ಟು ಸಲ. ಆದರೂ ನಮ್ಮ ಮನೆಯ ಅಕ್ಕಿ, ನನ್ನ ತಾಳಿ, ಅವರ ಕೊನೆಯ ಹಾಸಿಗೆ, ಎಲ್ಲವೂ ತೀರ್ಮಾನವಾಗಿದ್ದು ಅವರು ನೋಡೇ ಇರದ ಊರುಗಳಲ್ಲಿ. ಆ ಊರುಗಳನ್ನು ನೋಡಬೇಕು ಅನ್ನಿಸಿತು. ನನ್ನ ತಿರುಗಾಟದ ಕಾರಣ ಇದು. ಇದನ್ನು ಹೇಳಿದರೆ ಮೈದುನನಿಗೆ ಅರ್ಥ ಆಗುತ್ತಿತ್ತೋ ಏನೋ. ನಾಣ್ಯ ಹಿಡಿದು ನಿಂತವನ ಎದುರು ನನಗೆ ಬಾಯಿ ಬರಲಿಲ್ಲ.

ಮೊದಲು ಹೋಗಿದ್ದು ಇಥಿಯೋಪಿಯಾಕ್ಕೆ, 2018ರಲ್ಲಿ. ಬಾಬಾ ಬುಡನ್ ಯೆಮೆನ್‌ನ ಮೊಖಾ ಬಂದರಿನಿಂದ ಏಳು ಕಾಫಿ ಬೀಜ ತಂದು ನಮ್ಮ ಗಿರಿಯಲ್ಲಿ ನೆಟ್ಟ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೆ ಮೊಖಾಕ್ಕೂ ಹಿಂದಿನ ಊರು ಇಥಿಯೋಪಿಯಾದ್ದು. ಅರೇಬಿಕಾ ಜಾತಿಯ ಕಾಫಿ ಗಿಡದ ತವರು ಅಲ್ಲಿನ ಕಾಡು. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು, ಹತ್ತು ದಿನ ಕಾದು, ಅಡಿಸ್ ಅಬಾಬಾಕ್ಕೆ ಇಳಿದೆ. ಆ ರಾಜಧಾನಿ ಇರುವುದೇ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರದಲ್ಲಿ. ಅಲ್ಲಿಂದ ಜಿಮ್ಮಾ ದಾಟಿ ಸುಮಾರು 450 ಕಿ.ಮೀ. ರಸ್ತೆಯಲ್ಲಿ ಹೋದರೆ ಬೊಂಗಾ, ಕಫ್ಫಾ ಸೀಮೆ. ದೊಡ್ಡ ಮರಗಳ ನೆರಳಲ್ಲಿ ಕಾಫಿ ಗಿಡ ತಾನಾಗಿ ಹುಟ್ಟಿ ನಿಂತಿದೆ. ರೆಂಬೆ ಸವರುವ ಕತ್ತರಿ ಕಾಣದ ಗಿಡ, ತೆಳ್ಳಗೆ, ಬೆಳಕು ಹುಡುಕಿಕೊಂಡು ಎರಡಾಳು ಎತ್ತರ ಹೋದದ್ದು. ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡೆ. ಅದೇ ಸಿಹಿ, ಅದೇ ಲೋಳೆ. ಕಾಡಿನ ನಡುವೆ ಕೂತು ಅತ್ತೆ. ಜೊತೆಗೆ ಬಂದ ಹುಡುಗ ಗಾಬರಿಯಾಗಿ ನೀರು ಕೊಟ್ಟ.

ಅವತ್ತು ಅವನು ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಅವನ ತಾಯಿ ನೆಲಕ್ಕೆ ಹಸಿ ಹುಲ್ಲು ಹರಡಿ, ಹಸಿ ಬೀಜ ತೊಳೆದು, ಕಾವಲಿಯಲ್ಲಿ ಹುರಿದು, ಆ ಹೊಗೆಯನ್ನು ನನ್ನ ಮುಖದ ಹತ್ತಿರ ತಂದರು. ಒರಳಲ್ಲಿ ಕುಟ್ಟಿ, ಜೆಬೆನಾ ಅನ್ನುವ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿದರು. ಕಾಫಿಗೆ ಅಲ್ಲಿ ಬುನಾ ಅನ್ನುತ್ತಾರೆ. ಮೂರು ಸುತ್ತು ಕೊಡುತ್ತಾರೆ. ಮೊದಲನೆಯದು ಅಬೋಲ್, ಎರಡನೆಯದು ತೋನಾ, ಮೂರನೆಯದು ಬರಕಾ, ಅಂದರೆ ಆಶೀರ್ವಾದ. ಮೂರನೆಯದು ಆಗುವವರೆಗೆ ಏಳಬಾರದು. ಒಂದೂವರೆ ಗಂಟೆ ಹಿಡಿಯಿತು. ಭಾಷೆ ಬರದ ನಾವಿಬ್ಬರು ಹೆಂಗಸರು ಆ ಒಂದೂವರೆ ಗಂಟೆ ಸುಮ್ಮನೆ ಕೂತಿದ್ದೆವು. ಅಷ್ಟು ನೆಮ್ಮದಿಯ ಸಂಜೆ ನನ್ನ ಜೀವನದಲ್ಲಿ ಕಮ್ಮಿ.

ಆ ದೇಶವನ್ನು ನಾನು ಮುಗಿಸಿದ್ದೇನೆಯೇ?

ಮಾರನೆಯ ವರ್ಷ ವಿಯೆಟ್ನಾಂ. ಇದನ್ನು ಬರೆಯಲು ನನಗೆ ಈಗಲೂ ಸಂಕೋಚ. ಅಲ್ಲಿಗೆ ಹೋಗಿದ್ದು ಸಿಟ್ಟಿನಿಂದ. ಹದಿನೇಳು ವರ್ಷ ಎದೆಯಲ್ಲಿಟ್ಟುಕೊಂಡ ಸಿಟ್ಟು. ಅಪ್ಪನನ್ನು ಬೀದಿಗೆ ತಂದವರು ಇವರೇ ಅಂದುಕೊಂಡಿದ್ದೆ. ಡಾಕ್ ಲಾಕ್ ಪ್ರಾಂತ್ಯದ ಬುವೋನ್ ಮಾ ಥುವೋಟ್ ಊರಿಗೆ ಇಳಿದರೆ ಕೆಂಪು ಮಣ್ಣು, ಕಾಫಿ ಮಧ್ಯೆ ಮೆಣಸಿನ ಬಳ್ಳಿ, ಮನೆ ಮುಂದೆ ಹರಡಿದ ಕಾಫಿಯನ್ನು ಕಾಲಲ್ಲಿ ಗೆರೆ ಎಳೆಯುತ್ತಾ ತಿರುವುವ ಹೆಂಗಸರು. ನಮ್ಮ ಕಣದಲ್ಲಿ ಅಮ್ಮ ಹಾಗೇ ತಿರುವುತ್ತಿದ್ದರು. ಪುಟ್ಟ ಫಿಲ್ಟರಿನಿಂದ ಹನಿಹನಿ ಇಳಿಯುವ ಕಾಫಿ, ಕೆಳಗೆ ದಪ್ಪ ಸಿಹಿ ಹಾಲು.

ಎರಡೆಕರೆ ತೋಟದ ಒಬ್ಬ ಅಜ್ಜಿ ನಾನು ಯಾಕೆ ಬಂದೆ ಅಂತ ಕೇಳಿದರು. ದುಭಾಷಿ ಹುಡುಗಿಯ ಮೂಲಕ ಎಲ್ಲ ಹೇಳಿಬಿಟ್ಟೆ, 2001, ಅಪ್ಪ, ಎಲ್ಲ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ಆ ವರ್ಷ ಅವರ ಗಂಡ ಅರ್ಧ ತೋಟದ ಗಿಡ ಕಿತ್ತು ಜೋಳ ಹಾಕಿದರು. ಗೊಬ್ಬರದ ಸಾಲ ತೀರದೆ ದೊಡ್ಡ ಮಗಳ ಶಾಲೆ ಬಿಡಿಸಿದರು. ಬ್ರೆಜಿಲ್‌ನವರಿಂದ ಹೀಗಾಯಿತು ಅಂತ ಊರಲ್ಲಿ ಎಲ್ಲರೂ ಬೈಯುತ್ತಿದ್ದರು. ಹೇಳಿ ಮುಗಿಸಿ ನನ್ನ ಕೈ ಹಿಡಿದುಕೊಂಡರು. ಅಷ್ಟು ವರ್ಷದ ಸಿಟ್ಟನ್ನು ಎಲ್ಲಿಡಬೇಕು ಅಂತ ತಿಳಿಯದೆ ಹೋಯಿತು.

ಬ್ರೆಜಿಲ್ 2023ರಲ್ಲಿ. ಅದಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ಮಗಳು ಕೇಳಿದಾಗ ಎಫ್‌ಡಿ ಮುರಿಸಿದೆ ಅಂದಿದ್ದೆ. ಸುಳ್ಳು, ಕ್ಷಮಿಸು ಪುಟ್ಟಿ. ಅಮ್ಮ ಮಾಡಿಸಿದ ಆ ಎರಡು ಬಳೆ ಮಾರಿದೆ. ಬ್ರೆಜಿಲ್‌ನ ಹಿಮದಿಂದ ಬಂದ ಬಳೆ, ಬ್ರೆಜಿಲ್‌ಗೇ ಹೋಗಲಿ ಅನ್ನಿಸಿತು.

ಸಾವೊ ಪಾವ್ಲೊದಿಂದ ಸಾಂಟೋಸ್ ಬಂದರಿಗೆ ಇಳಿಯುವ ಘಟ್ಟದಲ್ಲಿ ಮಂಜು, ಕಾಡು, ತಿರುವು. ಕಣ್ಣು ಅರೆಮುಚ್ಚಿದರೆ ಚಾರ್ಮಾಡಿ. ಸಾಂಟೋಸ್‌ನಲ್ಲಿ 1922ರಲ್ಲಿ ತೆರೆದ ಕಾಫಿ ವಿನಿಮಯ ಕೇಂದ್ರದ ಅರಮನೆಯಂಥ ಕಟ್ಟಡ ಇದೆ, ಈಗ ಮ್ಯೂಸಿಯಂ. ಹರಾಜಿನ ಸಭಾಂಗಣದಲ್ಲಿ ವರ್ತುಲವಾಗಿ ಜೋಡಿಸಿದ ಮರದ ಕುರ್ಚಿಗಳು, ಮೇಲೆ ಬಣ್ಣದ ಗಾಜಿನ ಚಾವಣಿ. ಅಲ್ಲಿ ನಿಂತು ನಾನು ಅಪ್ಪನ ಚೆಕ್‌ರೋಲ್ ಪುಸ್ತಕವನ್ನೇ ನೆನೆಸುತ್ತಿದ್ದೆ, ಅದರಲ್ಲಿದ್ದ ನೀಲಿ ಶಾಯಿಯ ಗೆರೆಗಳನ್ನು. ಆಮೇಲೆ ರಾತ್ರಿ ಬಸ್ಸಿನಲ್ಲಿ ಪರಾನಾ ರಾಜ್ಯದ ಲೊಂಡ್ರಿನಾಕ್ಕೆ ಹೋದೆ. ಒಂದು ಕಾಲಕ್ಕೆ ಕಾಫಿಗೇ ಹೆಸರಾದ ಸೀಮೆ, ಈಗ ಕಣ್ಣು ಹಾಯಿಸಿದಷ್ಟೂ ಸೋಯಾ. 1975ರ ಜುಲೈ 18ರ ಹಿಮಕ್ಕೆ ಆ ರಾಜ್ಯದ ಕಾಫಿಯೇ ನೆಲಕಚ್ಚಿತು. ಒಬ್ಬ ಮುದುಕರು ಫೋನಿನ ಅನುವಾದದಲ್ಲಿ ಹೇಳಿದರು: ಬೆಳಿಗ್ಗೆ ಗಿಡದ ಮೇಲೆಲ್ಲ ಬಿಳಿ, ಮಾರನೆಯ ದಿನ ಬೆಂಕಿ ಹಾಯ್ದ ಹಾಗೆ ಕಪ್ಪು. ಮತ್ತೆ ನೆಟ್ಟರಂತೆ. 1994ರಲ್ಲಿ ಮತ್ತೆ ಸುಟ್ಟಿತಂತೆ. ಆಮೇಲೆ ನೆಡಲಿಲ್ಲ. ನಿಮ್ಮ ತೋಟ ಸುಟ್ಟ ವರ್ಷ ನಮ್ಮ ಮನೆಯಲ್ಲಿ ನನ್ನ ಮದುವೆ ಗೊತ್ತಾಯಿತು ಅಂತ ಹೇಳಲು ನನ್ನಿಂದ ಆಗಲಿಲ್ಲ. ಅವರ ಕಾಲಿಗೆ ನಮಸ್ಕಾರ ಮಾಡಿದೆ. ಯಾಕೆ ಅಂತ ಅವರಿಗೆ ತಿಳಿಯಲಿಲ್ಲ.

ಇಷ್ಟನ್ನು ಹೊತ್ತುಕೊಂಡು ಬಂದವಳಿಗೆ “ಮೂರೇನಾ?” ಅಂದರೆ ಏನನ್ನಿಸಬೇಕು ಹೇಳಿ.

ಮೈದುನನ ಪರವಾಗಿ ಮಾತಾಡುವವರಿದ್ದಾರೆ, ನನಗೆ ಗೊತ್ತು. ನಿನ್ನೆ ತಮ್ಮನೇ ಫೋನಿನಲ್ಲಿ ವಾದ ಮಾಡಿದ. “ಅಕ್ಕಾ, ಯುರೋಪಿನ ಷೆಂಗೆನ್ ವೀಸಾ ಒಂದು ಸಿಕ್ಕರೆ 29 ದೇಶಕ್ಕೆ ಹೋಗಬಹುದು. ಮಧ್ಯಮ ವರ್ಗದವರು ಜೀವಮಾನದ ಉಳಿತಾಯ ಹಾಕಿ ಒಂದು ಸಲ ಹೋಗೋದು. ಹನ್ನೊಂದು ದಿನದಲ್ಲಿ ಏಳು ದೇಶ ನೋಡಿದರೆ ನಿನಗೇನು ಕಷ್ಟ? ಅಜ್ಜಿನೂ ಕಾಶಿ ಮುಗಿಸಿಕೊಂಡು ಬಂದೆ ಅಂತಾನೇ ಅಂತಿದ್ದರಲ್ಲ?”

ಅಂತಿದ್ದರು, ಹೌದು. ಆದರೆ ಅಜ್ಜಿ ಕಾಶಿಯಲ್ಲಿ ಹಲಸಿನ ಹಣ್ಣು ಬಿಟ್ಟು ಬಂದರು. ಮಲೆನಾಡಿನಲ್ಲಿ ಹುಟ್ಟಿದವರು ಹಲಸು ಬಿಡುವುದು ಅಂದರೆ ಏನು ಅಂತ ತಮ್ಮನಿಗೆ ಗೊತ್ತಿಲ್ಲವೇ? ಮನೆ ಹಿಂದಿನ ಮರ ಕಾಯಿ ಬಿಟ್ಟಾಗಲೆಲ್ಲ, ಹಪ್ಪಳ ಹಚ್ಚುವಾಗಲೆಲ್ಲ, ಸಾಯುವವರೆಗೂ ಅವರಿಗೆ ಕಾಶಿ ನೆನಪಾಗುತ್ತಿತ್ತು. ಅವರ ಕಾಶಿ ಯಾವತ್ತೂ ಮುಗಿಯಲಿಲ್ಲ. ಉಳಿತಾಯದ ಮಾತಂತೂ ನನ್ನ ಹತ್ತಿರ ಬೇಡ. ಬೇಗ ನೋಡಿದ್ದಕ್ಕೆ ನನಗೆ ಬೇಸರವಿಲ್ಲ. ರಜೆ ಹನ್ನೊಂದೇ ದಿನ ಇದ್ದರೆ ಹನ್ನೊಂದೇ ದಿನ ನೋಡಬೇಕು. ಬಂದಮೇಲೆ ಅಲ್ಲಿನ ಒಬ್ಬ ಮನುಷ್ಯನ ಮುಖವೂ ನೆನಪಿಲ್ಲದೆ, ಎಷ್ಟಾಯಿತು ಎಷ್ಟು ಉಳಿಯಿತು ಅಂತ ಲೆಕ್ಕ ಹಾಕುವುದು ನನಗೆ ತಡೆಯುವುದಿಲ್ಲ. ವಿಶ್ವಸಂಸ್ಥೆಯಲ್ಲಿ 193 ದೇಶಗಳಿವೆ. ಅಷ್ಟನ್ನೂ ಕೆರೆದಾದ ಮೇಲೆ ಮೈದುನ ಏನು ಮಾಡುತ್ತಾನೆ?

ಎರಡನೇ ಸಲ ಇಥಿಯೋಪಿಯಾಕ್ಕೆ ಯಾಕೆ ಹೋದೆ ಅನ್ನುವುದನ್ನು ಹೇಳಿಬಿಡುತ್ತೇನೆ. ಬ್ರೆಜಿಲ್‌ಗೆ ಅಡಿಸ್ ಅಬಾಬಾ ಮೇಲೆಯೇ ವಿಮಾನ ಇತ್ತು. ಬರುವಾಗ ಅಲ್ಲಿ ಇಳಿದುಕೊಂಡೆ. ಸೂಟ್‌ಕೇಸಿನಲ್ಲಿ ಒಂದು ಕೆಜಿ ಕಾಫಿ ಪುಡಿ ಇತ್ತು, ಚಿಕೋರಿ ಇಲ್ಲದ್ದು. ಅಪ್ಪ ದುಡಿದ ಎಸ್ಟೇಟಿನ ಪಕ್ಕದ ತೋಟದ್ದು. ಬೊಂಗಾಕ್ಕೆ ಮತ್ತೆ ಹೋಗಿ ಆ ಮನೆ ಹುಡುಕಿದೆ. ಆ ತಾಯಿ ಬಾಗಿಲಲ್ಲೇ ಗುರುತು ಹಿಡಿದರು. ಪುಡಿಯ ಪೊಟ್ಟಣ ಕೈಗೆ ಕೊಟ್ಟು, ನಿಮ್ಮ ಕಾಡಿನಿಂದ ಹೋದ ಗಿಡದ್ದು, ನಮ್ಮೂರಲ್ಲಿ ಮುನ್ನೂರೈವತ್ತು ವರ್ಷದಿಂದ ಬೆಳೆಯುತ್ತಿದೆ ಅಂತಾರೆ ಅಂತ ಮಗನ ಮೂಲಕ ಹೇಳಿಸಿದೆ. ಅವರು ಪೊಟ್ಟಣ ಬಿಚ್ಚಿ, ಮೂಗಿನ ಹತ್ತಿರ ತಂದು, ಕಣ್ಣುಮುಚ್ಚಿ ನಿಂತರು. ಆಮೇಲೆ ಹುಲ್ಲು ಹರಡಿದರು. ಮೂರು ಸುತ್ತು ಕುಡಿದೆವು. ಕೊಟ್ಟ ಕಾಫಿಗೆ ಕಾಫಿ ಕೊಡಬೇಕಿತ್ತು, ಅದಕ್ಕೆ ಹೋದೆ. ಅದೇ ದುಡ್ಡಲ್ಲಿ ಇನ್ನೆರಡು ದೇಶ ಆಗುತ್ತಿತ್ತು ಅನ್ನುವುದು ನಿಜ ಇರಬಹುದು.

ಉಳಿದಿರುವುದು ಮೊಖಾ. ಏಳು ಬೀಜ ಹಡಗು ಹತ್ತಿದ ಊರು. ಯೆಮೆನ್‌ನಲ್ಲಿ ಯುದ್ಧ. ಭಾರತೀಯರು ಅಲ್ಲಿಗೆ ಹೋಗುವುದನ್ನು ನಮ್ಮ ಸರ್ಕಾರ 2017ರಲ್ಲೇ ನಿಷೇಧಿಸಿದೆ. ನನ್ನ ಪಾಸ್‌ಪೋರ್ಟ್ ಮಾಡಿಸಿದ್ದೂ ಅದೇ ವರ್ಷ, 2027ಕ್ಕೆ ಅವಧಿ ತೀರುತ್ತದೆ. ಇನ್ನು ಯಾಕೆ ನವೀಕರಣ, ವಯಸ್ಸಾಯಿತು, ಮಂಡಿ ನೋವು ಅಂತ ಮಗಳು ಹೇಳುತ್ತಿದ್ದಾಳೆ. ನಾನು ಅರ್ಜಿ ಹಾಕುತ್ತೇನೆ. ಮೊಖಾ ಬಾಕಿ ಇದೆ.