ಹದ್ದುಗಳಿಗೆ ಬಂದೋಬಸ್ತು

ಸರ್ಕಾರಿ ಕಾಗದದಲ್ಲಿ ಕನ್ನಡವಿಲ್ಲ ಎಂದು ಕೂಗಾಡುವವರು ಒಂದು ಪಹಣಿ, ಅಂದರೆ ಜಮೀನಿನ ದಾಖಲೆ, ತೆಗೆಸಿ ನೋಡಬೇಕು. ಮೇಲಿಂದ ಕೆಳಗಿನವರೆಗೆ ಕನ್ನಡ ಲಿಪಿಯೇ. ಒತ್ತು, ದೀರ್ಘ, ಸೊನ್ನೆ ಯಾವುದಕ್ಕೂ ಬರವಿಲ್ಲ. ಆಡಳಿತ ಕನ್ನಡದಲ್ಲಿ ನಡೆಯಲಿ ಎಂದು 1963ರಲ್ಲೇ ಕಾಯಿದೆ ಬಂತು. ನಮ್ಮ ಕಡೆ ಅದಕ್ಕೂ ಮೊದಲೇ ಶಾನುಭೋಗರ ಲೆಕ್ಕ ಕನ್ನಡದಲ್ಲೇ ಇತ್ತು. ಇಷ್ಟಾದ ಮೇಲೆ ಓದಿದವನಿಗೆ ಅರ್ಥವೂ ಆಗಬೇಕು ಅನ್ನುವುದು ದುರಾಸೆ.

ಈ ವಿವೇಕ ನನಗೆ ಬಂದದ್ದು ಒಂದು ಆಟದಿಂದ. ದಸರಾ ರಜೆಗೆ ಮೈಸೂರಿನ ನಮ್ಮ ಮನೆಯಲ್ಲಿ ನೆಂಟರು ತುಂಬಿದಾಗ ಆಡುವ ಆಟ. ಒಬ್ಬರು ನಿಘಂಟು ಹಿಡಿದು, ಯಾರೂ ಕೇಳಿರದ ಪದವೊಂದನ್ನು ಆರಿಸುತ್ತಾರೆ. ಉಳಿದವರು ತಲಾ ಒಂದು ಚೀಟಿಯಲ್ಲಿ ಅದಕ್ಕೊಂದು ಸುಳ್ಳು ಅರ್ಥ ಕಟ್ಟಿ ಕೊಡಬೇಕು, ನಿಘಂಟಿನ ಧಾಟಿಯಲ್ಲಿ, ನಗು ಬರದ ಹಾಗೆ. ನಿಘಂಟು ಹಿಡಿದವರು ಆ ಸುಳ್ಳುಗಳ ನಡುವೆ ನಿಜವಾದ ಅರ್ಥವನ್ನೂ ಕಲೆಸಿ ಓದುತ್ತಾರೆ. ನಿಜ ಯಾವುದೆಂದು ಪತ್ತೆ ಹಚ್ಚಿದರೆ ಅಂಕ. ನಿಮ್ಮ ಸುಳ್ಳನ್ನು ನಂಬಿ ಯಾರಾದರೂ ಕೈ ಎತ್ತಿದರೆ ಅದಕ್ಕೂ ಅಂಕ. ಇಂಗ್ಲಿಷಿನವರ ಮನೆಗಳಲ್ಲಿ ಇದು ಹಳೆಯ ಆಟ. ಇಂಥದ್ದನ್ನೇ ಬಿಬಿಸಿಯವರು 1965ರಲ್ಲಿ ಟಿವಿಗೆ ತಂದರು. 1984ರಲ್ಲಿ ಕೆನಡಾದವರು ‘ಬಾಲ್ಡರ್‌ಡ್ಯಾಶ್’ ಎಂದು ಹೆಸರಿಟ್ಟು ಡಬ್ಬಿಯಲ್ಲಿ ಹಾಕಿ ಮಾರಿದರು. ಸುಳ್ಳು ಹೇಳುವುದಕ್ಕೂ ಡಬ್ಬಿ ಕೊಳ್ಳಬೇಕೇ ಎಂದು ನಮ್ಮತ್ತೆ ಕೇಳಿದ ಮೇಲೆ ನಾವು ಹಳೇ ಲಗ್ನಪತ್ರಿಕೆಗಳ ಬೆನ್ನಿನಲ್ಲೇ ಆಡುತ್ತೇವೆ. ನಿಘಂಟಿಗೆ ಕಿಟೆಲ್ ಇದ್ದಾನೆ. ಆ ಜರ್ಮನ್ ಪಾದ್ರಿ 1894ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ, ನಮಗೇ ಗೊತ್ತಿಲ್ಲದ ನಮ್ಮ ಮಾತುಗಳು ರಾಶಿ ಬಿದ್ದಿವೆ.

ಈ ಸಲ ಕಿಟೆಲ್ ಮೂಲೆ ಸೇರಿದ. ಮಂಡ್ಯ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ಮಾವ, ಜಂಬೂಸವಾರಿ ನೋಡುವುದಕ್ಕೆ ಮೊದಲು ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದರು. ಒಳಗೆ ತಾಲ್ಲೂಕು ಕಚೇರಿಯ ಕಾಗದ.

“ಓದವ್ರು ಇದ್ದೀರಲ್ಲ, ಇದ್ನ ಒಸಿ ನೋಡ್ಬುಟ್ಟು ಏಳ್ರಪ್ಪ. ಊರಲ್ಲಿ ಯಾರ್‌ಗೂ ತಿಳಿವಲ್ದು.”

ಕಾಗದದಲ್ಲಿ ಹೀಗಿತ್ತು: “ಸದರಿ ಸರ್ವೆ ನಂಬರಿನ ಪಹಣಿ ವಿಸ್ತೀರ್ಣಕ್ಕೂ ಆಕಾರಬಂದ್ ವಿಸ್ತೀರ್ಣಕ್ಕೂ ತಾಳೆಯಾಗದಿರುವುದರಿಂದಲೂ, ಖಾತೆಯು ಪೌತಿಯಾದವರ ಹೆಸರಿನಲ್ಲಿ ಮುಂದುವರೆದಿರುವುದರಿಂದಲೂ, ಖರಾಬು ಕಳೆದು ಪೋಡಿ ದುರಸ್ತಿಯಾಗದ ಹೊರತು ಹದ್ದುಬಸ್ತಿಗೆ ಅವಕಾಶವಿರುವುದಿಲ್ಲವೆಂದು ಈ ಮೂಲಕ ಹಿಂಬರಹ ನೀಡಿದೆ.”

ಒಂದೇ ವಾಕ್ಯ. ಉಸಿರು ಬಿಗಿ ಹಿಡಿದು ಓದಿದೆ. ಕನ್ನಡ ಎಂ.ಎ. ಮಾಡಿದ ತಂಗಿ “ಇನ್ನೊಂದ್ಸಲ ಓದು” ಅಂದಳು. ಇನ್ನೊಂದು ಸಲ ಓದಿದೆ. ಅವಳ ಮಗ, ಎಂಟನೇ ಕ್ಲಾಸಿನವನು, ಲಗ್ನಪತ್ರಿಕೆ ಹರಿದು ಚೀಟಿ ಮಾಡತೊಡಗಿದ.

ನಿಘಂಟು ಹಿಡಿಯುವುದಕ್ಕೆ ಎದುರು ಮನೆಯಿಂದ ಸರ್ವೆ ಇಲಾಖೆಯ ನಿವೃತ್ತ ನೌಕರರನ್ನು ಕರೆಸಿದೆವು. ಅವರು ಚುರುಮುರಿ ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಹಳೇ ದಿನ ಮರಳಿ ಬಂದ ಖುಷಿಯಲ್ಲಿ ಕೂತರು.

ಮೊದಲ ಪದ ಹದ್ದುಬಸ್ತು. ಬಂದ ಚೀಟಿಗಳು: ಹದ್ದು ಹಿಡಿಯಲು ಬಳಸುವ ಬಿದಿರಿನ ಬುಟ್ಟಿ. ಹದ್ದು ಮೀರಿದ ಮಕ್ಕಳಿಗೆ ಕೊಡುವ ಏಟು. ದಸರಾ ಮೆರವಣಿಗೆಯಂದು ಆಕಾಶದಿಂದ ನಿಗಾ ಇಡಲು ಹದ್ದುಗಳಿಗೆ ವಹಿಸುತ್ತಿದ್ದ ಬಂದೋಬಸ್ತು. ಡ್ರೋನ್ ಬಂದ ಮೇಲೆ ನಿಂತಿದೆ. ಜಮೀನಿನ ಎಲ್ಲೆ ಅಳೆದು, ಗುರುತು ಹಾಕಿ, ಕಲ್ಲು ನೆಡುವ ಕೆಲಸ.

ಮನೆ ಪೂರ್ತಿ ದಸರಾ ಹದ್ದಿಗೆ ಕೈ ಎತ್ತಿತು. “ಮಹಾರಾಜರ ಕಾಲದಲ್ಲಿ ಏನೇನೋ ಇತ್ತು, ಇದೂ ಇದ್ದಿರಬಹುದು” ಎಂದು ನಮ್ಮತ್ತೆ ಸಾಕ್ಷಿಯನ್ನೂ ನುಡಿದರು. ಕಲ್ಲು ನೆಡುವ ಅರ್ಥಕ್ಕೆ ಒಂದು ಕೈಯೂ ಇಲ್ಲ. ಅದೇ ನಿಜ.

ಪೋಡಿ ಎಂದ ಕೂಡಲೇ ತಮ್ಮನ ಹೆಂಡತಿ ಚೀಟಿ ಬರೆಯುವುದನ್ನೇ ಬಿಟ್ಟಳು. ಅವಳು ಮಂಗಳೂರಿನವಳು. “ಪೋಡಿ ನಮ್ಮಲ್ಲಿ ದಿನಾ ಮಾಡ್ತಾರೆ ಮಾರಾಯ್ರೆ. ಜೀಗುಜ್ಜೆ ಪೋಡಿ, ಬಾಳೆಕಾಯಿ ಪೋಡಿ. ಹಿಟ್ಟಲ್ಲಿ ಅದ್ದಿ ಎಣ್ಣೆಗೆ ಬಿಡೋದು. ಅದಕ್ಕೆ ತಹಸೀಲ್ದಾರ್ ಯಾಕೆ?” ಅವಳನ್ನು ಮೀರಿಸುವ ಸುಳ್ಳು ಯಾರಿಗೂ ಹೊಳೆಯಲಿಲ್ಲ. ನಿಜದಲ್ಲಿ ಪೋಡಿ ಅಂದರೆ ಒಂದು ಸರ್ವೆ ನಂಬರನ್ನು ಹಿಸ್ಸೆಗಳಾಗಿ ಅಳೆದು ಒಡೆಯುವುದು. ಮಾವನ ತಾತನಿಗೆ ನಾಲ್ಕು ಗಂಡು ಮಕ್ಕಳು. ಜಮೀನು ಪಾಲಾಗಿ, ಆಲೆಮನೆ ಪಾಲಾಗಿ, ಬಚ್ಚಲ ಹಂಡೆಯೂ ಪಾಲಾಗಿ ಕಾಲವಾಯಿತು. ಪೋಡಿ ಮಾತ್ರ ಆಗಿಲ್ಲ.

ಆಕಾರಬಂದ್ ಪದಕ್ಕೆ ಮಂಡ್ಯದ ರಕ್ತ ಕುದಿಯಿತು. ‘ಕಾವೇರಿಗಾಗಿ ಹೆದ್ದಾರಿಯಲ್ಲಿ ನಡೆಸುವ, ಟೈರ್ ಸುಡದ, ಶಾಂತ ರೀತಿಯ ಬಂದ್’ ಎಂದು ಮಾವನೇ ಚೀಟಿ ಬರೆಸಿದರು. ‘ಮದುವೆಯಾದ ಮೇಲೆ ಗಂಡಸರ ದೇಹಕ್ಕೆ ಆಗುವುದು’ ಅನ್ನುವ ಚೀಟಿ ಯಾರದೆಂದು ಅಕ್ಷರ ನೋಡಿಯೇ ಗೊತ್ತಾಯಿತು, ಆ ವಿಷಯ ಇಲ್ಲಿ ಬೇಡ. ಪ್ರತಿ ಸರ್ವೆ ನಂಬರಿಗೆ ಎಷ್ಟು ವಿಸ್ತೀರ್ಣ, ಎಷ್ಟು ಕಂದಾಯ ಎಂದು ಬರೆದಿಟ್ಟ ದಫ್ತರಕ್ಕೆ ಆ ಹೆಸರು. ಅದರಲ್ಲಿ ಒಂದು ಲೆಕ್ಕ, ಪಹಣಿಯಲ್ಲಿ ಒಂದು ಲೆಕ್ಕ ಇದ್ದರೆ ಏನು ಮಾಡಬೇಕೆಂದು ಕೇಳಿದ್ದಕ್ಕೆ ನಿವೃತ್ತರು ಚುರುಮುರಿಯಲ್ಲಿದ್ದ ಕಡಲೆಬೀಜ ಆರಿಸುವುದರಲ್ಲಿ ಮಗ್ನರಾದರು.

ಪೌತಿಗೆ ಹುಡುಗ ‘ಪೌತ್ರಿಯ ಚಿಕ್ಕ ತಂಗಿ’ ಎಂದು ಬರೆದು ಎಲ್ಲರ ಮತ ಗೆದ್ದ. ಪೌತಿ ಅಂದರೆ ತೀರಿಕೊಂಡವರು. ಮಾವನ ಅಪ್ಪ ತೀರಿಕೊಂಡು ಹುಡುಗ ಹುಟ್ಟಿದ್ದಕ್ಕಿಂತ ಹಳೇ ಕಾಲವಾಯಿತು, ಖಾತೆಯಲ್ಲಿ ಮಾತ್ರ ಇನ್ನೂ ಉಳುತ್ತಿದ್ದಾರೆ.

ನನಗೆ ಹಿಡಿಸಿದ್ದು ಖರಾಬು. ಸುಳ್ಳು ಕಟ್ಟುವ ಅವಕಾಶವನ್ನೇ ಸರ್ಕಾರ ಇದರಲ್ಲಿ ಬಿಟ್ಟುಕೊಟ್ಟಿಲ್ಲ. ಖರಾಬಿನಲ್ಲಿ ಎ ಖರಾಬು, ಬಿ ಖರಾಬು ಎಂದು ಎರಡು. ಬಂಡೆ, ಕಣದ ಜಾಗದಂಥ ಸಾಗುವಳಿಗೆ ಬಾರದ ನೆಲ ‘ಎ’. ದಾರಿ, ಹಳ್ಳ, ಸ್ಮಶಾನ, ಹೀಗೆ ಊರಿನವರೆಲ್ಲರ ಬಳಕೆಗೆ ಬಿಟ್ಟ ನೆಲ ‘ಬಿ’. ಅಂದರೆ ಎಲ್ಲರಿಗೂ ಸೇರಿದ್ದು ಯಾವುದೋ ಅದು ಖರಾಬು, ಅದರಲ್ಲೂ ಸೆಕೆಂಡ್ ಕ್ಲಾಸ್. ಇಂಥ ಅರ್ಥವನ್ನು ನಾನು ಚೀಟಿಯಲ್ಲಿ ಬರೆದಿದ್ದರೆ, ವ್ಯಂಗ್ಯ ಜಾಸ್ತಿಯಾಯಿತು ಎಂದು ಮನೆಯವರು ಆಟದಿಂದ ಎಬ್ಬಿಸುತ್ತಿದ್ದರು.

ಪದಗಳು ಪಾರ್ಸಿಯವು, ಅರಬ್ಬಿಯವು ಅನ್ನುವ ತಕರಾರು ನನ್ನದಲ್ಲ. ತಕರಾರು ಅನ್ನುವುದೂ ಅಲ್ಲಿಂದಲೇ ಬಂದದ್ದು, ಅದನ್ನು ನಮ್ಮ ಹಳ್ಳಿಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸಂಸ್ಕೃತದಿಂದ ತಂದು ಕಟ್ಟಿದವು ಇನ್ನೂ ಘನ. ಜಮೀನು ಇಟ್ಟುಕೊಂಡವನು ಕಾನೂನಿನಲ್ಲಿ ‘ಅಧಿಭೋಗದಾರ’. ಮಾವನಿಗೆ ಇದನ್ನು ಹೇಳಿದಾಗ ಅವರು ಅತ್ತೆಯ ಮುಖ ನೋಡಿದರು. ವ್ಯವಸಾಯದ ಭೂಮಿ ಸೈಟಾದರೆ ‘ಅನ್ಯಕ್ರಾಂತ’. ಸಂಕ್ರಾಂತಿಗೆ ಎಳ್ಳು ಬೀರಿ ಮಿಕ್ಕಿದ್ದನ್ನು ಪಕ್ಕದ ಬೀದಿಯಲ್ಲಿ ಬೀರುವ ಹಬ್ಬ ಎಂದು ಹುಡುಗ ಬರೆದದ್ದು ನನಗೆ ಇವತ್ತಿಗೂ ಸರಿ ಅನಿಸುತ್ತದೆ.

ತಾಲ್ಲೂಕು ಕಚೇರಿಗಳಲ್ಲಿ ಇದೇ ಆಟ ವರ್ಷವಿಡೀ ನಡೆಯುತ್ತದೆ, ರವಿವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಬಿಟ್ಟು. ನಿಘಂಟು ಹಿಡಿದವರು ಕೇಸ್ ವರ್ಕರ್. ಊಹಿಸುವವನು ರೈತ. ಊಹೆ ತಪ್ಪಾದರೆ ‘ನಾಳೆ ಬಾ’. ಹೊರಗೆ ಮರದ ಕೆಳಗೆ ಅರ್ಜಿ ಬರೆಯುವವರು ಸುಳುಹು ಮಾರುತ್ತಾರೆ. ಸುಳುಹಿಗೊಂದು ರೇಟು, ಜೆರಾಕ್ಸ್ ಬೇರೆ. ನಮ್ಮ ಮನೆಯಲ್ಲಿ ಸುತ್ತು ಮುಗಿದ ಮೇಲೆ ನಿಜ ಅರ್ಥ ಓದಿ ಹೇಳಲೇಬೇಕು, ಇಲ್ಲದಿದ್ದರೆ ಹುಡುಗ ಗಲಾಟೆ ಮಾಡುತ್ತಾನೆ. ಅಲ್ಲಿ ಆ ಕೊನೆಯ ಭಾಗವನ್ನು ಕೈಬಿಟ್ಟಿದ್ದಾರೆ. ಅರ್ಥ ಹೇಳಿಬಿಟ್ಟರೆ ನಾಳೆ ಆಟಕ್ಕೆ ಯಾರು ಬರುತ್ತಾರೆ?

ಅಮೆರಿಕದವರ ಎದೆಗಾರಿಕೆ ಕಡಿಮೆ. ಅಲ್ಲಿನ ವೆಬ್‌ಸ್ಟರ್ ನಿಘಂಟಿನ 1934ರ ಆವೃತ್ತಿಯಲ್ಲಿ ‘ಡಾರ್ಡ್’ ಅಂತೊಂದು ಪದ ನುಸುಳಿತು, ಸಾಂದ್ರತೆ ಅನ್ನುವ ಅರ್ಥ ಹೊತ್ತು. ಸಾಂದ್ರತೆಯನ್ನು ಗುರುತಿಸುವುದಕ್ಕೆ ದೊಡ್ಡ ಡಿ ‘ಆರ್’ ಚಿಕ್ಕ ಡಿ, ಅಂದರೆ ಎರಡರಲ್ಲಿ ಯಾವುದಾದರೂ ಸರಿ, ಎಂದು ಯಾರೋ ಚೀಟಿಯಲ್ಲಿ ಬರೆದಿದ್ದರು; ಓದಿದವರು ಮೂರನ್ನೂ ಕೂಡಿಸಿ ಒಂದು ಪದ ಮಾಡಿದರು. 1939ರಲ್ಲಿ ತಪ್ಪು ಕಣ್ಣಿಗೆ ಬಿತ್ತು, ಆಮೇಲೆ ತೆಗೆದುಹಾಕಿದರು. ಇಷ್ಟು ಬೇಗ ಸೋಲೊಪ್ಪಿದರೆ ಹೇಗೆ? 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ನಮ್ಮ ಕೈಬರಹದ ಪಹಣಿಗಳೆಲ್ಲ ಕಂಪ್ಯೂಟರಿಗೆ ಹತ್ತಿದಾಗ, ಒಂದು ಕೊಂಬು ಆಚೀಚೆಯಾಗಿ ಬೋರೇಗೌಡ ಬೇರೇಗೌಡನಾದ ಅನ್ನಿ. ಇಲಾಖೆ ಪದ ತೆಗೆಯುವುದಿಲ್ಲ. ಬೋರೇಗೌಡನೂ ಬೇರೇಗೌಡನೂ ಬೇರೆ ಬೇರೆ ಗೌಡರಲ್ಲ, ಒಬ್ಬನೇ ಗೌಡ ಎಂದು ಬೋರೇಗೌಡನೇ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕು. ಆ ಕಾಗದಕ್ಕೆ ಯಾವ ಹೆಸರಿನಿಂದ ಸಹಿ ಹಾಕುವುದು ಅನ್ನುವುದು ಎರಡನೇ ಸುತ್ತಿನ ಪ್ರಶ್ನೆ.

ಸರ್ಕಾರ ಪದ ಬದಲಾಯಿಸುವುದೇ ಇಲ್ಲ ಅಂದರೆ ಅನ್ಯಾಯವಾದೀತು. ಕಟ್ಟಡಗಳ ಮೇಲಿನದನ್ನು ಬದಲಾಯಿಸುತ್ತದೆ. ‘ಮಿನಿ ವಿಧಾನಸೌಧ’ ಈಗ ‘ತಾಲ್ಲೂಕು ಆಡಳಿತ ಸೌಧ’. ಶಾನುಭೋಗರ ಜಾಗಕ್ಕೆ ಗ್ರಾಮ ಲೆಕ್ಕಿಗರು ಬಂದರು, ಅವರೀಗ ಗ್ರಾಮ ಆಡಳಿತ ಅಧಿಕಾರಿ. ಊರಿನವರು ಎಲ್ಲರನ್ನೂ ‘ಶಾನುಭೋಗ್ರು’ ಎಂದೇ ಕರೆದು ಕೆಲಸ ಮುಗಿಸುತ್ತಾರೆ. ಬೋರ್ಡಿನ ಒಳಗಿರುವುದು ಮಾತ್ರ ಅಲುಗುವುದಿಲ್ಲ. ದೇಶ 1957ರ ಏಪ್ರಿಲ್ ಒಂದರಂದು ಆಣೆ ಬಿಟ್ಟು ನಯಾಪೈಸೆಗೆ ಹೋಯಿತು. ಜಮೀನಿನಲ್ಲಿ ಇವತ್ತಿಗೂ 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ನಮ್ಮ ಹುಡುಗನಿಗೆ ಇದನ್ನು ಹೇಳಿದರೆ ಸುಳ್ಳು ಚೀಟಿ ಎಂದ.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ಮೂರು ದಿನ ಅಖಿಲ ಭಾರತ ಸಾಹಿತ್ಯ ಸಮ್ಮೇಳನ ನಡೆಯಿತು, 87ನೆಯದು. ಬಾಡೂಟ ಇರಬೇಕೋ ಬೇಡವೋ ಅನ್ನುವುದರ ಬಗ್ಗೆ ನಾಡು ಸೀಳಿ ಎರಡಾಯಿತು. ಆಕಾರಬಂದ್ ಬಗ್ಗೆ ಸೀಳಿದ್ದು ಕಾಣೆ. ಮಾವನೂ ಹೋಗಿದ್ದರಂತೆ. “ಭಾಷೆ ಭಾಷೆ ಅಂತ ಬೋ ಚೆನ್ನಾಗ್ ಮಾತಾಡುದ್ರು ಕಣಯ್ಯ. ನಾನೂ ಚಪ್ಪಾಳೆ ಒಡ್ದೆ. ಈ ಕಾಗ್ದನೂ ಜೇಬಲ್ಲೇ ಇತ್ತು, ಯಾರ್‌ಗ್ ತೋರ್ಸದು ಅಂತ ಗೊತ್ತಾಗ್ನಿಲ್ಲ.”

ಹಾಗಾಗಿ ನನ್ನದೊಂದು ಮನವಿ. ಯುವ ದಸರಾ, ಆಹಾರ ಮೇಳ, ಕುಸ್ತಿ ಎಲ್ಲ ಇದೆ. ಜೊತೆಗೆ ರಾಜ್ಯಮಟ್ಟದ ಕಂದಾಯ ಪದಾರ್ಥ ಸ್ಪರ್ಧೆಯೊಂದು ನಡೆಯಲಿ. ತಂಡಕ್ಕೆ ಐದು ಜನ. ಕನಿಷ್ಠ ಒಬ್ಬರು ಪೌತಿಯಾಗಿದ್ದರೂ ಖಾತೆಯಲ್ಲಿ ಹೆಸರಿದ್ದರೆ ಸಾಕು. ನಿಜ ಅರ್ಥ ಹೇಳಿದ ತಂಡವನ್ನು ದಲ್ಲಾಳಿಗಳೆಂದು ಅನರ್ಹಗೊಳಿಸಬೇಕು. ಮೊದಲ ಬಹುಮಾನಕ್ಕೆ ದೃಢೀಕೃತ ಪಹಣಿಯ ಒಂದು ಪ್ರತಿ, ಗೆದ್ದವರದೇ ಆಗಬೇಕೆಂದೇನಿಲ್ಲ. ಸರಿಯುತ್ತರಗಳನ್ನು ಲಕೋಟೆಯಲ್ಲಿ ಮುಚ್ಚಿ ರೆಕಾರ್ಡ್ ರೂಮಿಗೆ ಕಳಿಸಲಿ. ಬೇಕಾದವರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, 30 ದಿನ ಕಾಯಲಿ.

ಇದನ್ನು ಮನೆಯಲ್ಲಿ ಓದಿ ಹೇಳುತ್ತಿದ್ದಾಗ ಹುಡುಗ ನಡುವೆ ಬಾಯಿ ಹಾಕಿದ. “ಲಗತ್ತು ಅಂದ್ರೆ ಏನು?”

ನಾಲ್ಕು ಜನ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು.