ಬಂಕಿನ ಗಾಜಿನ ಮೇಲೊಂದು ತಿಳಿನೀಲಿ ಕಾಗದ

ಕ್ಯಾತ್ಸಂದ್ರ ದಾಟಿ ಶಿರಾ ಕಡೆಗೆ ಹೋಗುವ ಹೆದ್ದಾರಿಯ ಪೆಟ್ರೋಲ್ ಬಂಕುಗಳಲ್ಲಿ ಏನಿರುತ್ತದೆ? ಗಾಳಿ, ಕುಡಿಯುವ ನೀರು, ಶೌಚಾಲಯ, ಹೆಚ್ಚೆಂದರೆ ಒಂದು ಟೀ ಅಂಗಡಿ. ಬಿಯರ್ ಸಿಗುತ್ತದಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಮೊನ್ನೆ ಒಂದು ಬಂಕಿನ ಗಾಜಿಗೆ ತಿಳಿನೀಲಿ ಕಾಗದ ಅಂಟಿಸಿದ್ದರು: ನಮ್ಮ ಅಂಗಡಿಯಲ್ಲಿ ಮದ್ಯ ಮಾರಲು ಲೈಸೆನ್ಸ್ ಕೇಳಿದ್ದೇವೆ, ಹೇಳುವುದಿದ್ದವರು ಇಂಥ ತಾರೀಖಿನೊಳಗೆ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಸ್ಥಳೀಯ ಆಡಳಿತ ಸಂಸ್ಥೆಗೆ, ಬರೆಯಿರಿ. ಬಂಕಿನಲ್ಲಿ ಮದ್ಯವೇ ಎಂದು ಮೊದಲು ಚುರುಕ್ಕೆಂದಿತು. ಓದುತ್ತಾ ಹೋದಂತೆ ಹೊಟ್ಟೆಕಿಚ್ಚಾಯಿತು.

ಕಾಗದದ ಬಣ್ಣ, ಅಳತೆ, ಅಕ್ಷರದ ಗಾತ್ರ ಎಲ್ಲವೂ ನಿಯಮದಲ್ಲೇ ಇದೆ. ಎ4ಗಿಂತ ಚಿಕ್ಕದಿರಬಾರದು, ಅಕ್ಷರ 16 ಪಾಯಿಂಟ್‌ಗಿಂತ ಸಣ್ಣದಿರಬಾರದು, ಹೊರಗಿನಿಂದಲೇ ಓದಲು ಬರಬೇಕು, ಸತತ 28 ದಿನ ಅಲ್ಲೇ ಇರಬೇಕು. ಮೊದಲ ಹತ್ತು ಕೆಲಸದ ದಿನಗಳೊಳಗೆ ಸ್ಥಳೀಯ ಪತ್ರಿಕೆಯಲ್ಲೂ ಒಮ್ಮೆ ಪ್ರಕಟವಾಗಬೇಕು. ಯಾರಾದರೂ ತಕರಾರು ಬರೆದರೆ ಕೌನ್ಸಿಲಿನ ಮೂವರು ಸದಸ್ಯರು ಕೂತು ವಿಚಾರಣೆ ಮಾಡುತ್ತಾರೆ. ತಕರಾರು ನಾಲ್ಕು ವಿಷಯಗಳಿಗೆ ಸಂಬಂಧಿಸಿರಬೇಕು: ಅಪರಾಧ, ಸಾರ್ವಜನಿಕ ಸುರಕ್ಷತೆ, ನೆರೆಹೊರೆಯವರಿಗೆ ಕಿರುಕುಳ, ಮಕ್ಕಳಿಗೆ ಹಾನಿ. ಕುಡಿತ ಕೆಟ್ಟದ್ದು ಎಂದಷ್ಟೇ ಬರೆದರೆ ಅದನ್ನು ಪರಿಗಣಿಸುವುದಿಲ್ಲ. ರಾತ್ರಿ ಹನ್ನೊಂದರ ನಂತರ ಕಾರಿನ ಬಾಗಿಲು ಬಡಿಯುವ ಸದ್ದಿಗೆ ಪಕ್ಕದ ಮನೆಯವರಿಗೆ ನಿದ್ದೆಯಿಲ್ಲ ಎಂದು ಬರೆದರೆ ಪರಿಗಣಿಸಲೇಬೇಕು.

ಬಂಕಿಗೆ ಇನ್ನೊಂದು ಗಂಟಿದೆ. 2003ರ ಲೈಸೆನ್ಸಿಂಗ್ ಕಾಯ್ದೆಯ 176ನೇ ಸೆಕ್ಷನ್ ಪ್ರಕಾರ, ಮುಖ್ಯವಾಗಿ ಪೆಟ್ರೋಲ್ ಡೀಸೆಲ್ ಮಾರುವ, ವಾಹನ ಮಾರುವ ಅಥವಾ ರಿಪೇರಿ ಮಾಡುವ ಜಾಗದಲ್ಲಿ ಮದ್ಯ ಮಾರುವಂತಿಲ್ಲ. ಮೋಟಾರ್‌ವೇ ಎಂಬ ದೊಡ್ಡ ಹೆದ್ದಾರಿಗಳ ಪ್ರಾಧಿಕಾರಕ್ಕೆ ಸೇರಿದ ಜಾಗದ ತಂಗುದಾಣಗಳಲ್ಲಂತೂ ಯಾವ ಲೆಕ್ಕ ತೋರಿಸಿದರೂ ಇಲ್ಲ. ‘ಮುಖ್ಯವಾಗಿ’ ಎಂಬುದನ್ನು ಹಣದಿಂದ ಅಳೆಯುವುದಿಲ್ಲ; ಒಂದು ಟ್ಯಾಂಕ್ ಪೆಟ್ರೋಲಿನ ಮುಂದೆ ಬ್ರೆಡ್ಡು ಹಾಲಿನ ಬಿಲ್ ಎಷ್ಟಾದೀತು? ಅಳೆಯುವುದು ಗಿರಾಕಿಗಳ ಓಡಾಟದಿಂದ. ಹಾಗಾಗಿ ಅರ್ಜಿದಾರರು ತಿಂಗಳುಗಟ್ಟಲೆ ರಸೀದಿಗಳನ್ನು ಮೂರು ಕಂಬಸಾಲಾಗಿ ಮಾಡಿ ಕೊಡುತ್ತಾರೆ: ಬರೀ ಪೆಟ್ರೋಲ್, ಬರೀ ಅಂಗಡಿ ಸಾಮಾನು, ಎರಡೂ.

ಜಗಳ ಮೂರನೆಯ ಸಾಲಿನಲ್ಲಿ. ಸಾವಿರ ರಸೀದಿಯಲ್ಲಿ 380 ಬರೀ ಪೆಟ್ರೋಲ್, 420 ಬರೀ ಸಾಮಾನು, 200 ಎರಡೂ ಎಂದಿಟ್ಟುಕೊಳ್ಳಿ. ಆ 200ನ್ನು ಪೆಟ್ರೋಲಿಗೆ ಸೇರಿಸಿದರೆ 580, ಅದು ಬಂಕು. ಸಾಮಾನಿಗೆ ಸೇರಿಸಿದರೆ 620, ಅದು ಅಂಗಡಿ. ಪಂಪಿನಲ್ಲೇ ಕಾರ್ಡ್ ಉಜ್ಜಿ ಹೊರಟವರನ್ನು ಬಿಟ್ಟರೂ ಲೆಕ್ಕ ವಾಲುತ್ತದೆ. ಅಂಕಿಅಂಶ ಸಾಲದಿದ್ದರೆ ಕೌನ್ಸಿಲ್ ತೀರ್ಮಾನವನ್ನು ಮುಂದಕ್ಕೆ ಹಾಕಬಹುದು, ಇಲ್ಲವೇ ಲೈಸೆನ್ಸ್ ಕೊಟ್ಟು ಮುಂದೆ ಉಲ್ಲಂಘನೆ ಕಂಡರೆ ಕ್ರಮ ಕೈಗೊಳ್ಳಬಹುದು. ಕೈಯಲ್ಲಿ ಲೈಸೆನ್ಸ್ ಇದ್ದರೂ ಜಾಗ ಮುಖ್ಯವಾಗಿ ಬಂಕೇ ಆಗಿದ್ದರೆ ಆ ಲೈಸೆನ್ಸಿಗೆ ಬೆಲೆಯಿಲ್ಲ, ಮಾರಿದ್ದು ಅಪರಾಧ.

ನಮ್ಮ ತುಮಕೂರಿನಲ್ಲಿ ಬಡಾವಣೆಗೊಂದು ವೈನ್ ಶಾಪ್ ಬರುತ್ತಿದೆ ಎಂದು ಜನರಿಗೆ ಗೊತ್ತಾಗುವುದು ಯಾವಾಗ? ಶಟರ್ ಮೇಲೆ ಬೋರ್ಡ್ ಏರಿದಾಗ. ಆಮೇಲೆ ಹೆಂಗಸರು ಬೀದಿಗಿಳಿಯಬೇಕು, ಡಿ.ಸಿ. ಕಚೇರಿಗೆ ಮನವಿ ಹಿಡಿದು ಹೋಗಬೇಕು. ನಮ್ಮ ರಾಜ್ಯದ ನಿಯಮ ಕೇಳುವುದು ದೂರವನ್ನು: ಶಾಲೆ, ಗುಡಿ, ಆಸ್ಪತ್ರೆಗಳಿಂದ 100 ಮೀಟರ್, ಹೆದ್ದಾರಿಯ ನಡುಮಧ್ಯದಿಂದ 220 ಮೀಟರ್. ಅಳೆಯುವುದು ಅಂಗಡಿ ಬಾಗಿಲಿನ ಮಧ್ಯದಿಂದ, ಮನುಷ್ಯ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲಿ. ಬಾಗಿಲನ್ನು ಹಿಂದಿನ ಓಣಿಗೆ ತಿರುಗಿಸಿದರೆ ಕಟ್ಟಡ ಕದಲದೆ ಮೀಟರ್ ಬೆಳೆಯುತ್ತದೆ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಎಂದಿತು; 2017ರ ಮಾರ್ಚ್‌ನಲ್ಲಿ, 20,000ದೊಳಗಿನ ಜನಸಂಖ್ಯೆಯ ಊರುಗಳಿಗೆ 220 ಎಂದು ಸಡಿಲಿಸಿತು; ಜುಲೈನಲ್ಲಿ, ಪುರಸಭೆ ನಗರಸಭೆ ವ್ಯಾಪ್ತಿಗೆ ಆ ನಿಷೇಧವಿಲ್ಲ ಎಂದಿತು. ಇಷ್ಟೆಲ್ಲ ನಡೆದರೂ ಪಕ್ಕದ ಮನೆಯವರನ್ನು ಯಾರೂ ಕೇಳಲಿಲ್ಲ. ನನಗೆ ಸಂಕಟವಾಗುವುದು ಇದಕ್ಕೇ.

ಒಂದು ಮಾತು ಒಪ್ಪಿಕೊಳ್ಳಬೇಕು. ಇದು ಬಂಕೋ ಅಂಗಡಿಯೋ ಎಂಬ ಇಂಗ್ಲೆಂಡಿನವರ ಪ್ರಶ್ನೆ ಜಾಣತನದ್ದೇನೋ ಹೌದು, ಆದರೆ ರಸ್ತೆಯ ಮೇಲಿನ ಅಪಾಯವನ್ನು ಅದು ಅಳೆಯುವುದಿಲ್ಲ. ಬ್ರೆಡ್ಡು ಹೆಚ್ಚು ಖರ್ಚಾದ ಬಂಕಿನಲ್ಲಿ ಸ್ಟೀರಿಂಗ್ ಹಿಡಿದವನಿಗೆ ಬಿಯರ್ ಕೊಡಬಹುದು, ಕಡಿಮೆ ಖರ್ಚಾದಲ್ಲಿ ಕೂಡದು ಎಂದರೆ ಅಪಘಾತಕ್ಕೂ ರಸೀದಿಗೂ ಏನು ಸಂಬಂಧ? ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಮದ್ಯಸಾರದವರೆಗೆ ಇಂಗ್ಲೆಂಡ್ ಬಿಡುತ್ತದೆ, ನಮ್ಮಲ್ಲಿ 30. ರಾತ್ರಿಯಿಡೀ ಈರುಳ್ಳಿ ಲಾರಿ ಓಡಿಸುವವರು ನಿಂತು ಮುಖ ತೊಳೆಯುವ ಜಾಗದಲ್ಲಿ ಬಾಟಲಿ ಇಲ್ಲದಿರುವುದೇ ಒಳ್ಳೆಯದು. ನಮ್ಮ ಬಂಕು ಹಾಗೆಯೇ ಇರಲಿ.

ಆ ನೀಲಿ ಕಾಗದ ಮಾತ್ರ ನಮಗೂ ಬೇಕು. ಹೊಸದಾಗಿ ತೆರೆಯುವ, ಜಾಗ ಬದಲಿಸುವ ಪ್ರತಿ ಮದ್ಯದಂಗಡಿಯ ಶಟರ್ ಮೇಲೆ, ದಪ್ಪ ಕನ್ನಡ ಅಕ್ಷರದಲ್ಲಿ, 28 ದಿನ ಮೊದಲು: ಲೈಸೆನ್ಸ್ ಯಾರ ಹೆಸರಿನಲ್ಲಿ, ಬಾಗಿಲು ಯಾವ ಬೀದಿಗೆ, ಶಾಲೆಯ ಗೇಟಿಗೆ ಎಷ್ಟು ಮೀಟರ್, ಅಳೆದದ್ದು ಯಾವ ದಾರಿಯಲ್ಲಿ, ತಕರಾರನ್ನು ಯಾವ ವಿಳಾಸಕ್ಕೆ ಕಳಿಸಬೇಕು.