ಸ್ಪಷ್ಟನೆ: ವಿಷದ ಜಾಗ ಶುಚಿ ಮಾಡುವ ಎಂಜಿನಿಯರ್ ಕಡಿಮೆ ರೇಟಿಗೆ ಸಿಕ್ಕವನಲ್ಲ

ಅಮೆರಿಕದಲ್ಲಿ ವಿಷತ್ಯಾಜ್ಯದ ಜಾಗ ಶುಚಿ ಮಾಡುವ ಎಂಜಿನಿಯರಿಂಗ್ ಕೆಲಸ ಕಡಿಮೆ ರೇಟು ಹಾಕಿದವರಿಗೇ ಹೋಗುತ್ತದೆ ಅಂತ ಒಂದು ಮೆಸೇಜ್ ಓಡಾಡುತ್ತಿದೆ. ತಪ್ಪು. ಅಲ್ಲಿನ 1972ರ ಬ್ರೂಕ್ಸ್ ಕಾಯ್ದೆ ಪ್ರಕಾರ, ಕೇಂದ್ರ ಸರ್ಕಾರ ವಿನ್ಯಾಸದಂಥ ಸೇವೆಗೆ ಮೊದಲು ನೋಡುವುದು ಅರ್ಹತೆ ಮತ್ತು ಹಿಂದೆ ಮಾಡಿದ ಕೆಲಸ. ಕನಿಷ್ಠ 3 ಕಂಪನಿಗಳನ್ನು ಅರ್ಹತೆಯ ಕ್ರಮದಲ್ಲಿ ಆರಿಸಿ, ಮೊದಲನೆಯವರ ಜೊತೆ ಕೂತು ರೇಟು ಮಾತಾಡುತ್ತಾರೆ, ಹೊಂದದಿದ್ದರೆ ಅವರನ್ನು ಬಿಟ್ಟು ಎರಡನೆಯವರ ಹತ್ತಿರ ಹೋಗುತ್ತಾರೆ. ಮಣ್ಣು ಅಗೆದು ಸಾಗಿಸುವ ಕೆಲಸ ಬೇರೆ, ಅಲ್ಲಿ ದರದ ಪೈಪೋಟಿ ಇರುತ್ತದೆ. ಮೆಸೇಜ್ ಬರೆದವರು ಸುಮ್ನೆ ಎರಡನ್ನೂ ಕಲಸಿಬಿಟ್ಟಿದ್ದಾರೆ.

ಖರ್ಚೆಲ್ಲ ಸರ್ಕಾರದ್ದೇ ಅನ್ನುವುದೂ ಸರಿಯಲ್ಲ. ವಿಷತ್ಯಾಜ್ಯದ ಜಾಗಗಳ ಶುಚಿಗೆ ಇರುವ 1980ರ ಸೂಪರ್‌ಫಂಡ್ ಕಾನೂನಿನಲ್ಲಿ ಹೊಲಸು ಮಾಡಿದವರೇ ಹೊಣೆ. ಎಷ್ಟೋ ಕಡೆ ಆ ಕಂಪನಿಗಳೇ ಎಂಜಿನಿಯರನ್ನು ಇಟ್ಟುಕೊಂಡು ಶುಚಿ ಮಾಡಿಸುತ್ತವೆ, ಪರಿಸರ ಸಂಸ್ಥೆ ಇಪಿಎ ಮೇಲುಸ್ತುವಾರಿ ನೋಡುತ್ತದೆ.